ಸೂರಿನ ಲೋಟ

"ನಿನ್ ಸೀರೆ ನೆರಿಗೇಲೇ ಕಣೇ ಬಂದಿರೋದು ಈ ದರಿದ್ರ! ನಿಮ್ ಕೇರಿ ತಿಗಣೆ ಇವು! ಬಣ್ಣ ನೋಡು, ಥೇಟ್ ನಿಮ್ಮಂಗೇ ಐತೆ!"

ಚೇರ್ಮನ್ ಸುಬ್ಬರಾಯಪ್ಪ ಬೆತ್ತದ ಕುರ್ಚಿಯನ್ನು ತಲೆಕೆಳಗು ಮಾಡಿ ಅಂಗಳದ ಚಪ್ಪಡಿಗೆ ಕುಕ್ಕಿದ. ಹೆಣಿಗೆಯ ಸಂದಿಯಿಂದ ಹತ್ತಿಪ್ಪತ್ತು ತಿಗಣೆಗಳು ಉದುರಿ, ಬಿಸಿಲಿಗೆ ಗಾಬರಿಬಿದ್ದು, ಸಾರಿಸಿದ ಸಗಣಿಯ ಕಡೆ ಓಡಿದವು. ಸಾರಿಸುತ್ತಿದ್ದವಳು ನಮ್ಮಮ್ಮ, ಮುನಿಯಲ್ಲಮ್ಮ. ಸಗಣಿ ಕೈಯಲ್ಲೇ ಎದ್ದು ನಿಂತಳು.

"ನಾನು ಹೊಸ್ತಿಲು ತುಳ್ದೋಳಲ್ಲ ಸಾಮಿ. ಮೂವತ್ತು ವರ್ಷ ಆಯ್ತು, ಒಳಗಡೆ ಗೋಡೆ ಯಾವ ಬಣ್ಣ ಅಂತ ನಂಗೊತ್ತಿಲ್ಲ."

"ನೀನು ತುಳೀದಿದ್ರೆ ನಿನ್ ತಿಗಣೆ ತುಳೀತು ಬಿಡೇ ಲೌಡಿ! ಎದುರುತ್ರ ಬೇರೆ!"

ಅದೂ ನಿಜವೇ. ಹೊಸ್ತಿಲು ನಮ್ಮನ್ನು ತಡೆದಿತ್ತು, ತಿಗಣೆಯನ್ನು ತಡೆದಿರಲಿಲ್ಲ. ಅದರ ಜಾತಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಅದು ಒಳಗಿನವರ ರಕ್ತವನ್ನೇ ತೋರಿಸುತ್ತಿತ್ತು.

ಸುಬ್ಬರಾಯಪ್ಪನ ಸಿಟ್ಟಿಗೆ ಕಾರಣವಿತ್ತು. ಹಿಂದಿನ ವಾರ ರೇಷ್ಮೆ ಇಲಾಖೆಯ ಸಾಹೇಬರು ಬಂದು ಇದೇ ಕುರ್ಚಿಯ ಮೇಲೆ ಕೂತಿದ್ದರು. ಎರಡು ನಿಮಿಷಕ್ಕೆ ಎದ್ದರು. ಹಿಪ್ಪುನೇರಳೆ ಸವರುವುದು ಹೇಗೆ ಎಂಬ ಭಾಷಣವನ್ನು ಪೂರ್ತಿ ನಿಂತೇ ಮಾಡಿದರು. ಒಂದು ಕೈ ಸವರುವುದನ್ನು ತೋರಿಸುತ್ತಿತ್ತು, ಇನ್ನೊಂದು ಕೈ ಹಿಂದುಗಡೆ ಕೆರೆಯುತ್ತಿತ್ತು. ಬೈರಕೂರು ಸಂತೆಯವರೆಗೂ ಸುದ್ದಿ ಹೋಗಿತ್ತು. ಚೇರ್ಮನ್ ಅಂದರೆ ಒಂದು ಚೇರು, ಒಬ್ಬ ಮ್ಯಾನು. ತಿಗಣೆಗೂ ಬೇಕಾದದ್ದು ಅವೆರಡೇ ಎಂದು ಸಂತೆಯಲ್ಲಿ ಯಾರೋ ಅಂದರಂತೆ. ಅಂದವನು ನಾನೇ. ಅವನ ದನಿಯಲ್ಲೇ, ಅವನ ಕೆಮ್ಮಿನ ಸಮೇತ ಅಂದಿದ್ದೆ.

ಸಾಹೇಬರು ಶುಕ್ರವಾರ ಮತ್ತೆ ಬರುವವರಿದ್ದರು. ಒಪ್ಪಿದರೆ ಸುಬ್ಬರಾಯಪ್ಪನ ಹುಳುಮನೆಗೆ 'ಮಾದರಿ ಹುಳುಮನೆ' ಎಂಬ ಬೋರ್ಡು ಬೀಳುತ್ತಿತ್ತು.

"ಏಮ್ರಾ ಬಿಯ್ಯೇ!" ಅವನು ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೂಗಿದ. ಇನ್ನೂ ಒಂದು ಸಬ್ಜೆಕ್ಟು ಉಳಿಸಿಕೊಂಡ ಬಿ.ಎ. ನನ್ನದು, ಅದೇ ಅವನ ಬಾಯಲ್ಲಿ 'ಬಿಯ್ಯೇ'. ಕದಿರೇಶ ಎಂಬ ಹೆಸರು ಹಿಡಿದು ಅವನು ಎಂದೂ ಕರೆದವನಲ್ಲ. "ಇಂಗ್ಲೀಷ್ ಬರ್ತದಲ್ವೇನ್ಲಾ? ಬಾ. ಔಷ್ದಿ ಚೀಟಿ ಓದು. ಶುಕ್ರವಾರಕ್ಕೆ ಈ ಮನೇಲಿ ಒಂದು ತಿಗಣೆ ಕಾಣಿಸ್ಲಿ, ನಿನ್ ಚರ್ಮ ಸುಲ್ದು ಕುರ್ಚಿಗೆ ಹೊದಿಸ್ತೀನಿ."

*

ಗ್ರಾಮಸೇವಕ ಮುನಿರಾಮಪ್ಪ ಸೈಕಲ್ಲಿನ ಕ್ಯಾರಿಯರ್ ಬಿಚ್ಚಿ ಮೂರು ಔಷಧಿಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟ. ಒಂದು ಬೂಸಲು ವಾಸನೆಯ ಪುಡಿಯ ಪೊಟ್ಟಣ. ಒಂದು ನೀಲಿ ಗುರುತಿನ ಬಾಟಲಿ. ಒಂದು ಕೆಂಪು ಗುರುತಿನದು.

"ನೋಡಿ ಚೇರ್ಮನ್ರೇ, ಪುಡಿ ಅಂಗಳಕ್ಕೆ. ಇರುವೆ ಗೂಡು, ಗೆದ್ದಲು, ಅಂಥದಕ್ಕೆ. ನೀಲಿದು ತಿಗಣೆಗೆ. ಬಕೀಟು ನೀರಿಗೆ ಚೀಟೀಲಿ ಬರ್ದಿರೋಷ್ಟೇ ಬೆರ್ಸಿ, ಕುರ್ಚಿ ಮಂಚ ಎಲ್ಲಾ ಆಚೆ ಬಿಸಿಲಿಗೆ ತಂದು ಸಂದಿಗೆ ಹಚ್ಚಿ. ಒಂದೇ ಸಲಕ್ಕೆ ಹೋಗಲ್ಲ, ಮೊಟ್ಟೆ ಒಡೀತವೆ, ವಾರ ಬಿಟ್ಟು ಇನ್ನೊಂದ್ಸಲ ಹಚ್ಬೇಕು."

"ಈ ಕೆಂಪುದು?"

"ಅದು ನಿಮ್ ಟೊಮೆಟೊ ತೋಟಕ್ಕೆ ತಂದಿರೋದು. ಮನೆ ಒಳಕ್ಕೆ ತರಂಗೇ ಇಲ್ಲ. ಮನುಷ್ಯ ಕೈಗೆ ಹಚ್ಕೊಂಡ್ರೂ ಒಳಗಿಳೀತದೆ." ಮುನಿರಾಮಪ್ಪ ದನಿ ತಗ್ಗಿಸಿದ. "ಇನ್ನೊಂದು. ಹುಳು ಮೂರನೇ ಜ್ವರ ಎದ್ದವೆ ಅಂದ್ರಲ್ಲ. ಔಷ್ದಿ ಮುಟ್ಟಿದ ಕೈ ಸೊಪ್ಪು ಮುಟ್ಟಿದ್ರೆ ಅಷ್ಟೂ ಹುಳು ವಾಂತಿ ಮಾಡ್ಕೊಂಡು ಮಲಗ್ತವೆ. ಪಾತ್ರೆನೂ ಅಷ್ಟೇ. ಮನೆ ಪಾತ್ರೇಲಿ ಅಳೀಬೇಡಿ, ಅದು ಹೆಂಗೋ ಹುಳುಮನೇಗೆ ಹೋಗ್ತದೆ."

ಜ್ವರ ಅಂದರೆ ಹುಳು ಮೇಯುವುದನ್ನು ಬಿಟ್ಟು ಪೊರೆ ಕಳಚುವ ಹೊತ್ತು. ಆ ಹೊತ್ತಿನಲ್ಲಿ ಸುಬ್ಬರಾಯಪ್ಪನ ಮನೆಯಲ್ಲಿ ಯಾರೂ ಜೋರಾಗಿ ಬೈಯುತ್ತಲೂ ಇರಲಿಲ್ಲ. ಹುಳುತಟ್ಟೆಯ ಸ್ಟ್ಯಾಂಡಿನ ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿ ಇಟ್ಟಿರುತ್ತಿದ್ದರು. ಅವನ ಹೆಂಡತಿ ಅನಸೂಯಮ್ಮ ಕೈಕಾಲು ತೊಳೆಯದೆ ಆ ಬಾಗಿಲು ದಾಟುತ್ತಿರಲಿಲ್ಲ. ನಮಗೆ ಜ್ವರ ಬಂದರೆ ಮಾತ್ರ ಕಳ್ಳಾಟ ಎನ್ನುತ್ತಿದ್ದರು.

"ನೀಲಿ ಅಂದ್ರೆ ಏನಪ್ಪಾ, ಕೊಳಲೂದೋ ಕೃಷ್ಣ," ಸುಬ್ಬರಾಯಪ್ಪ ಕೆಂಪು ಬಾಟಲಿ ಎತ್ತಿದ. "ಇದು ನೋಡು ಕಾಳಿ. ಒಂದೇ ಏಟು!"

"ಅದ್ರ ಮೇಲೆ ತಲೆಬುರುಡೆ ಐತೆ ಸಾಮಿ," ಅಂದೆ.

"ತಿಗಣೆ ಬುರುಡೆ ಕಣೋ ಅದು!"

"ನಾನು ಕೆಂಪುದು ಹಚ್ಚಲ್ಲ. ನೀಲಿ ಹಚ್ತೀನಿ."

"ಹಚ್ಚಲ್ಲ ಅಂತಾನೆ! ಸೂಳೆಮಗ, ನಾಕಕ್ಷರ ಕಲ್ತಿದ್ದಕ್ಕೆ ಹಚ್ಚಲ್ಲ ಅಂತಾನೆ!" ಕೈ ಎತ್ತಿದ. ಮುನಿರಾಮಪ್ಪ ಇದ್ದುದರಿಂದ ಇಳಿಸಿದ. ಕೆಂಪು ಬಾಟಲಿಯನ್ನು ದನದ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟು ಒಳಗೆ ಹೋದ.

ನಾನು ಮಂಗಳವಾರ, ಬುಧವಾರ ಎರಡು ದಿನ ಕುರ್ಚಿ ಮಂಚಗಳ ಸಂದುಸಂದಿಗೂ ಕೋಳಿಗರಿಯಿಂದ ನೀಲಿ ಔಷಧಿ ಹಚ್ಚಿದೆ. ತಿಗಣೆಗಳು ಸತ್ತವು. ಗುರುವಾರ ಬೆಳಿಗ್ಗೆ ಸುಬ್ಬರಾಯಪ್ಪನ ದಿಂಬಿನ ಮೇಲೆ ಸಾಸಿವೆ ಗಾತ್ರದ ನಾಲ್ಕು ಮರಿಗಳು ಕಾಣಿಸಿದವಂತೆ. ಅವನು ನನ್ನನ್ನು ಬೈಯಲಿಲ್ಲ. "ಸರಿ, ನೀನು ಹೋಗೋ," ಎಂದ. ಅವನು ಬೈಯದೆ ಕಳಿಸಿದ್ದು ನನಗೆ ನೆನಪಿರುವಂತೆ ಅದೇ ಮೊದಲು. ಮುಳಬಾಗಿಲಿಗೆ ಪರೀಕ್ಷೆಯ ಫೀಸು ಕಟ್ಟಲು ಬಸ್ಸು ಹತ್ತಿದವನಿಗೆ ದಾರಿಯುದ್ದಕ್ಕೂ ಅದೇ ಚುಚ್ಚುತ್ತಿತ್ತು.

*

ಆ ಕೊಟ್ಟಿಗೆಯ ಸೂರಿನಲ್ಲಿ ನಮ್ಮ ಲೋಟ ಇರುತ್ತಿತ್ತು. ಅಲ್ಯೂಮಿನಿಯಂ ಲೋಟ, ಒಂದು ಮಗ್ಗುಲು ಚಪ್ಪಟೆ. ನನಗಿಂತ ವಯಸ್ಸಿನಲ್ಲಿ ದೊಡ್ಡದು. ನಮ್ಮಜ್ಜಿ ಕುಡಿದದ್ದೂ ಅದರಲ್ಲೇ. ಅನಸೂಯಮ್ಮ ಮೇಲಿನಿಂದ ಕಾಫಿ ಹೊಯ್ಯುವುದು, ಅಮ್ಮ ಕೆಳಗೆ ಹಿಡಿಯುವುದು, ಕುಡಿದು ಬೂದಿಯಲ್ಲಿ ಉಜ್ಜಿ, ತೊಳೆದು, ಸೂರಿಗೆ ಬೋರಲು ಸಿಕ್ಕಿಸುವುದು. ಬೋರಲೇ ಇಡಬೇಕು, ಇಲ್ಲದಿದ್ದರೆ ಹಲ್ಲಿ ಬೀಳುತ್ತದೆ. ಮೂವತ್ತು ವರ್ಷದಲ್ಲಿ ಅಮ್ಮ ಒಂದು ದಿನವೂ ಅದನ್ನು ಬಾಯಿ ಮೇಲೆ ಮಾಡಿ ಇಟ್ಟವಳಲ್ಲ.

ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಹೋದಾಗ ಲೋಟದ ಬಾಯಿ ಮೇಲಿತ್ತು.

ಅಮ್ಮ ಅದನ್ನು ನೋಡಿದಳು. ಪೊರಕೆ ಹಿಡಿದಳು. ಜಗಲಿಯ ಕೆಳಗೆ ತಿಗಣೆಗಳು ರಾಗಿ ಚೆಲ್ಲಿದಂತೆ ಬಿದ್ದಿದ್ದವು. ಜೊತೆಗೆ ಇರುವೆ, ಜಿರಳೆ, ಎರಡು ಹಲ್ಲಿ. ಗೊಬ್ಬರದ ಗುಂಡಿಯ ಹತ್ತಿರ ಒಂದು ಹ್ಯಾಟೆ ಕೋಳಿ ಕಾಲು ಮೇಲೆ ಮಾಡಿ ಮಲಗಿತ್ತು. ಅದರ ಕೊಕ್ಕಿನಲ್ಲಿ ಇನ್ನೂ ಒಂದು ತಿಗಣೆ ಇತ್ತು.

"ಕೋಳಿಗೆ ಏನೋ ರೋಗ ಬಂತು ಕಣೇ ಮುನಿಯಲ್ಲಿ," ಸುಬ್ಬರಾಯಪ್ಪ ಹಲ್ಲುಜ್ಜುತ್ತಾ ಬಂದ. ಕಣ್ಣು ಕೋಳಿಯ ಮೇಲಿರಲಿಲ್ಲ, ನನ್ನ ಮೇಲಿತ್ತು. "ತಗೊಂಡೋಗು. ಸಾರು ಮಾಡ್ಕೊಳ್ಳಿ. ಹಬ್ಬ ನಿಮಗೆ."

ನಾನು ಕೋಳಿಯನ್ನು ಕಾಲು ಹಿಡಿದು ಎತ್ತಿಕೊಂಡು ಹೋಗಿ ಬೇಲಿಯ ಆಚೆ ಮಂಡಿಯುದ್ದ ಗುಂಡಿ ತೋಡಿ ಹೂತೆ. ಬರುವಾಗ ಕೊಟ್ಟಿಗೆಯ ಗೂಡಿಗೆ ಇಣುಕಿದೆ. ಕೆಂಪು ಬಾಟಲಿಯಲ್ಲಿ ಎರಡು ಬೆರಳಷ್ಟು ಇಳಿದಿತ್ತು. ಸೂರಿನ ಲೋಟ ತೆಗೆದು ಮೂಸಿದೆ. ಬೆಳ್ಳುಳ್ಳಿ ವಾಸನೆ. ಬೆಳ್ಳುಳ್ಳಿಯ ಅಡಿಯಲ್ಲಿ ಇನ್ನೊಂದು, ಸೀಮೆಎಣ್ಣೆಯಂಥದು.

ಅಷ್ಟರಲ್ಲಿ ಮುನಿರಾಮಪ್ಪ ಸೈಕಲ್ ಇಳಿದ. ಸತ್ತ ತಿಗಣೆ ಜಿರಳೆಗಳ ಗುಡ್ಡೆ ನೋಡಿ ಸೈಕಲ್ಲನ್ನು ಅಲ್ಲೇ ಬಿಟ್ಟ. ನೇರ ಹುಳುಮನೆಯ ಬಾಗಿಲಿಗೆ ಹೋದ.

"ಅಮ್ಮಾವ್ರೇ, ಯಾವ್ ಔಷ್ದಿ ಹಾಕಿದ್ರೋ ಆಮೇಲೆ ಮಾತಾಡಣ. ಅಳತೆಗೆ ಯಾವ ಪಾತ್ರೆ ತಗೊಂಡ್ರಿ? ಹುಳುಮನೆ ಪಾತ್ರೆ ಏನಾದ್ರೂ..."

"ಅಯ್ಯೋ, ನಾನು ಬಿಡ್ತೀನಾ?" ಒಳಗಿನಿಂದ ಅನಸೂಯಮ್ಮ. "ನೆನ್ನೆ ಇವರೇ ಅದೇನೋ ಅಳ್ಕೊಂಡು ಹಾಕಿದ್ರು. ಮೊದ್ಲೇ ಹೇಳ್ಬಿಟ್ಟಿದ್ದೆ, ನಮ್ ಪಾತ್ರೆ ಮುಟ್ಟಂಗಿಲ್ಲ ಅಂತ. ಎಣಿಸ್ಕೊಂಡಿದೀನಿ. ಒಂದು ಲೋಟ, ಒಂದು ಸೌಟು ಮುಟ್ಟಿಲ್ಲ."

"ಹಂಗಾದ್ರೆ ಹುಳುಗೆ ಭಯ ಇಲ್ಲ ಬಿಡಿ," ಮುನಿರಾಮಪ್ಪ ಉಸಿರು ಬಿಟ್ಟ.

ನಾನು ಅಮ್ಮನನ್ನು ನೋಡಿದೆ, ಅಮ್ಮ ನನ್ನನ್ನು ನೋಡಿದಳು. ಆ ಮನೆಯ ಪಾತ್ರೆಯಲ್ಲದ ಪಾತ್ರೆ ಆ ಅಂಗಳದಲ್ಲಿ ಒಂದೇ ಇತ್ತು. ಅದು ನನ್ನ ಕೈಯಲ್ಲಿತ್ತು.

"ನೆನ್ನೆ ಸಂಜೆ ಇದ್ರಲ್ಲಿ ಕುಡ್ದ್ಯೇನಮ್ಮಾ?" ಪಿಸುಗುಟ್ಟಿದೆ.

"ಇಲ್ಲ ಕಣೋ. ಕಾಫಿ ಮುಗ್ದೋಯ್ತು ಅಂದ್ರು ಅಮ್ಮಾವ್ರು."

ಮೂವತ್ತು ವರ್ಷದಲ್ಲಿ ಆ ಮನೆಯವರ ಜಿಪುಣತನ ನಮಗೆ ಮಾಡಿದ ಉಪಕಾರ ಅದೊಂದೇ.

"ಇದನ್ನ ಗುಂಡೀಗೆ ಎಸೀತೀನಿ."

"ಬೇಡ." ಅವಳು ಲೋಟವನ್ನು ನನ್ನ ಕೈಯಿಂದ ಸೆರಗಿನಲ್ಲಿ ಹಿಡಿದು ತೆಗೆದುಕೊಂಡಳು. ಮೂಸಿದಳು. ಮೊದಲಿದ್ದ ಹಾಗೆ ಬೋರಲು ಸಿಕ್ಕಿಸಿದಳು. "ನೀನು ಬಾಯ್ ಮುಚ್ಕೊಂಡು ಕೈ ತೊಳ್ಕೋ ಹೋಗು. ಸೋಪಲ್ಲಿ ತೊಳ್ಕೋ, ಎರಡು ಸಲ."

*

ಸಾಹೇಬರ ಜೀಪು ಹನ್ನೊಂದಕ್ಕೆ ಬಂತು. ಹುಳು ನೋಡಿದರು, ತಲೆದೂಗಿದರು, ಹೊರಗೆ ಬಂದು ಜಗಲಿಯ ಮೇಲಿನ ಕುರ್ಚಿಯನ್ನು ನೋಡಿದರು. ಮೊದಲು ಬೆತ್ತವನ್ನು ಬೆರಳಿನಿಂದ ತಟ್ಟಿದರು. ಆಮೇಲೆ ಕರ್ಚೀಫು ಹಾಸಿ ಅರ್ಧ ಕೂತರು.

"ಪೂರ್ತಿ ಕೂತ್ಕೊಳ್ಳಿ ಸಾರ್! ಒಂದೂ ಇಲ್ಲ! ಎಲ್ಲಾ ಫಿನಿಶ್!" ಸುಬ್ಬರಾಯಪ್ಪ ಕೈ ಉಜ್ಜಿದ. ಹಿಪ್ಪುನೇರಳೆ ಬಿಡಿಸಲು ಬಂದ ಕೇರಿಯ ಹತ್ತು ಮಂದಿ ಬೇಲಿಯ ಹತ್ತಿರ ನಿಂತಿದ್ದರು.

ಸಾಹೇಬರು ಸುಮ್ಮನೆ ಕೇಳಿದರು, "ಇವರೆಲ್ಲ ನಿಮ್ಮ ಕೂಲಿಯವರಾ?"

"ನಮ್ಮ ಮನೆಯವರು ಅನ್ನಿ ಸಾರ್! ನಮ್ಮಲ್ಲಿ ಭೇದ ಇಲ್ಲ ಸಾರ್, ಭೇದ ಇಲ್ಲ. ನಾವು ಕುಡಿಯೋದೇ ಅವರಿಗೂ. ಏಯ್ ಅನಸೂಯಾ, ಮುನಿಯಲ್ಲಮ್ಮಂಗೂ ಕಾಫಿ ಹಾಕು! ಒಂದೇ ಡಿಕಾಕ್ಷನ್ನು ಸಾರ್!"

ಮುನಿಯಲ್ಲಿ ಒಂದೇ ಉಸಿರಿನಲ್ಲಿ ಮುನಿಯಲ್ಲಮ್ಮ ಆಗಿದ್ದಳು.

ಅಮ್ಮ ಸೂರಿನಿಂದ ಲೋಟ ತೆಗೆದು, ಸೆರಗಿನಲ್ಲಿ ಸುತ್ತಿ ಹಿಡಿದಳು. ಅನಸೂಯಮ್ಮ ಬೇರೆ ಕಡೆ ನೋಡುತ್ತಾ ಮೇಲಿನಿಂದ ಹೊಯ್ದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಮ್ಮ ಕಣ್ಣಲ್ಲೇ ನನ್ನನ್ನು ನಿಲ್ಲಿಸಿದಳು. ಲೋಟವನ್ನು ಬಾಯಿಯ ಹತ್ತಿರ ತರಲಿಲ್ಲ. ತಾನೇ ಸಾರಿಸಿದ ಅಂಗಳ ದಾಟಿದಳು. ತಾನೆಂದೂ ಕಾಲಿಡದ ಜಗಲಿಯ ಮೊದಲನೇ ಮೆಟ್ಟಿಲು ಹತ್ತಿದಳು. ಎರಡನೇದು. ಸುಬ್ಬರಾಯಪ್ಪನ ಮುಂದೆ ಸ್ಟೂಲಿನ ಮೇಲೆ, ಸಾಹೇಬರ ಸ್ಟೀಲ್ ಲೋಟದ ಪಕ್ಕದಲ್ಲಿ ಆ ಲೋಟ ಇಟ್ಟಳು.

"ಸಾಮಿ, ನೀವೊಂದು ಗುಟುಕು ಕುಡ್ದು ಕೊಡಿ. ಆಮೇಲೆ ನಾನು ಕುಡೀತೀನಿ."

"ಏ... ಏನೇ ಇದು?"

"ನಮ್ಮಲ್ಲಿ ಭೇದ ಇಲ್ಲ ಸಾರ್, ಭೇದ ಇಲ್ಲ," ಅಂದಳು ಅಮ್ಮ. ಥೇಟ್ ಅವನ ದನಿ. ಕೊನೆಯ 'ಇಲ್ಲ'ದ ಮೇಲೆ ಅವನು ಗಂಟಲು ಕೆರೆದುಕೊಳ್ಳುವ ಸಣ್ಣ ಕೆಮ್ಮೂ ಇತ್ತು. ನನ್ನ ಅಣಕದ ವಿದ್ಯೆ ಕಾಲೇಜಿನಲ್ಲಿ ಬಂದದ್ದು ಅಂದುಕೊಂಡಿದ್ದೆ. ಬೇಲಿಯ ಹತ್ತಿರ ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು.

"ಬೇರೆ ಲೋಟದಲ್ಲಿ ಕೊಡೇ ಅವಳಿಗೆ!" ಸುಬ್ಬರಾಯಪ್ಪ ಒಳಗೆ ತಿರುಗಿ ಕೂಗಿದ.

"ನಮಗೆ ಬೇರೆ ಲೋಟ ಐತಾ ಸಾಮಿ?"

ಬಾಗಿಲಲ್ಲಿ ನಿಂತ ಅನಸೂಯಮ್ಮನ ಕಣ್ಣು ಸೂರಿಗೆ ಹೋಯಿತು, ಅಲ್ಲಿಂದ ಗಂಡನ ಮುಖಕ್ಕೆ ಬಂತು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಮುನಿರಾಮಪ್ಪ ಮೆಲ್ಲಗೆ ಎದ್ದು ನಿಂತ.

"ಕುಡೀರಿ ಚೇರ್ಮನ್ರೇ," ಸಾಹೇಬರು ನಗುತ್ತಾ ಅಂದರು. ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. "ಪಾಪ, ಪ್ರೀತಿಯಿಂದ ಕೇಳ್ತಾ ಇದಾರೆ. ಅಥವಾ ಅವರ ಲೋಟ ಅಂತ ಬೇಡವೋ? ಈಗ ಅದಕ್ಕೆಲ್ಲ ಕೇಸು ಹಾಕ್ತಾರೆ, ಹುಷಾರು."

ಮೂರು ಔಷಧಿಗಳಲ್ಲಿ ಒಂದನ್ನು ಆರಿಸಿದ್ದವನು ಈಗ ಮೂರು ದಾರಿಗಳಲ್ಲಿ ಒಂದನ್ನು ಆರಿಸಬೇಕಿತ್ತು. ಕೀಳು ಜಾತಿಯ ಲೋಟ, ಕುಡಿಯಲ್ಲ ಅನ್ನಬೇಕು. ವಿಷದ ಲೋಟ, ಕುಡಿಯಲ್ಲ ಅನ್ನಬೇಕು. ಇಲ್ಲವೇ ಕುಡಿಯಬೇಕು. ಸುಬ್ಬರಾಯಪ್ಪನ ಕೈ ಲೋಟದ ತನಕ ಹೋಯಿತು, ಬಿಸಿ ತಾಗಿದಂತೆ ಹಿಂದೆ ಬಂತು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು.

"ಕಾಫಿ ಆರ್ತದೆ ಸಾಮಿ," ಅಂದಳು ಅಮ್ಮ. ಅವಳು ಮೆಟ್ಟಿಲು ಇಳಿಯಲಿಲ್ಲ.

ಸಾಹೇಬರ ನಗು ನಿಧಾನವಾಗಿ ನಿಂತಿತು. ಅವರು ಸುಬ್ಬರಾಯಪ್ಪನನ್ನು ನೋಡಿದರು, ಲೋಟ ನೋಡಿದರು. ಆಮೇಲೆ ಅರ್ಧ ಕುಡಿದಿದ್ದ ತಮ್ಮ ಲೋಟವನ್ನೂ ಎತ್ತಿ ಮೂಸಿ, ಕೆಳಗಿಟ್ಟರು.

ಬೇಲಿಯ ಹತ್ತಿರ ನಿಂತಿದ್ದವರು ಒಬ್ಬೊಬ್ಬರಾಗಿ ಅಂಗಳದ ಒಳಗೆ ಬಂದರು. ಯಾರೂ ಅವರನ್ನು ಆಚೆ ಹೋಗಿ ಅನ್ನಲಿಲ್ಲ.

ಎಲ್ಲಿಂದಲೋ ಒಂದು ನೊಣ ಬಂತು. ಆ ಬೆಳಿಗ್ಗೆ ಆ ಅಂಗಳದಲ್ಲಿ ಜೀವಂತ ಉಳಿದಿದ್ದ ನೊಣ ಅದೊಂದೇ ಇರಬೇಕು. ಸ್ಟೀಲ್ ಲೋಟದ ಸುತ್ತ ಸುತ್ತಿತು, ಬಿಟ್ಟಿತು. ಚಪ್ಪಟೆ ಮಗ್ಗುಲಿನ ನಮ್ಮ ಲೋಟದ ಅಂಚಿನ ಮೇಲೆ ಕೂತು ಮುಂಗಾಲು ಉಜ್ಜಿಕೊಂಡಿತು. ನಿಧಾನವಾಗಿ ಒಳಕ್ಕೆ ಇಳಿಯಿತು.

ಸುಬ್ಬರಾಯಪ್ಪ ಬಾಯಿ ತೆರೆದುಕೊಂಡು, ದೇವರನ್ನು ನೋಡುವವನಂತೆ, ಆ ನೊಣವನ್ನೇ ನೋಡುತ್ತಿದ್ದ.