ಮೋಟಾರು ಹತ್ತದ ರಸೂಲ್

ಹನೀಫ್ ಧಾರವಾಡದ ಕಾಲೇಜಿಗೆ ಸೇರಿದ ವರ್ಷವೇ ಅವನ ಅಣ್ಣ ರಸೂಲ್ ಮೋಟಾರು ಹತ್ತುವುದನ್ನು ಬಿಟ್ಟ.

ಯಲ್ಲಾಪುರದಲ್ಲಿ ಅವರದೊಂದು ಸಾಮಾನಿನ ಲಾರಿ ಇತ್ತು. ಅಪ್ಪ ತೀರಿಕೊಂಡ ಮೇಲೆ ರಸೂಲನೇ ಅದನ್ನು ಓಡಿಸಿ ಮನೆ ಸಾಕುತ್ತಿದ್ದ. ಇಡಗುಂದಿಯ ಹುಚ್ಚ ಎಂಬ ಹೆಸರಿನವನು ಅವನ ಜೊತೆಗಿರುತ್ತಿದ್ದ. ಮೂಟೆ ಇಳಿಸುವುದು, ಏರಿನಲ್ಲಿ ಗಾಡಿ ನಿಂತರೆ ಕೆಳಗೆ ಹಾರಿ ಚಕ್ರಕ್ಕೆ ಕಲ್ಲು ಕೊಡುವುದು ಅವನ ಕೆಲಸ. ದೀಪಾವಳಿ ಕಳೆದ ಮೇಲೊಂದು ದಿನ ಅಂಕೋಲೆಯಿಂದ ಉಪ್ಪು ಹೇರಿಕೊಂಡು ಬರುವಾಗ ಅರಬೈಲ್ ಘಟ್ಟದ ತಿರುವಿನಲ್ಲಿ ಗಾಡಿ ನಿಂತಿತು. ಹುಚ್ಚ ಕಲ್ಲು ಕೊಡಲು ಬಗ್ಗಿದ್ದಾಗಲೇ ಅದು ಹಿಂದಕ್ಕೆ ಜಾರಿತು. ಅವನು ಅಲ್ಲೇ ಸತ್ತ. ರಸೂಲನಿಗೆ ಒಂದು ಗೀರೂ ಆಗಲಿಲ್ಲ.

ಯಾರೋ ಲಾರಿಯನ್ನು ತಂದು ಮನೆಯೆದುರಿನ ಚಪ್ಪರದಲ್ಲಿ ನಿಲ್ಲಿಸಿ ಹೋದರು. ಅಂದಿನಿಂದ ರಸೂಲ್ ಎದುರು ಬಾಗಿಲಲ್ಲಿ ಓಡಾಡಲಿಲ್ಲ. ಹಿತ್ತಲಿನ ಬೇಲಿ ದಾಟಿ ಪೇಟೆಗೆ ಹೋಗುತ್ತಿದ್ದ. ಬೀದಿಯಲ್ಲಿ ಬಸ್ಸಿನ ಸದ್ದಾದರೂ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ತಾಯಿ ರಹಿಮತ್ಬಿ ದರ್ಗಾಕ್ಕೆ ಕರೆದೊಯ್ದು ತಾಯಿತ ಕಟ್ಟಿಸಿದಳು. ಏನೂ ಆಗಲಿಲ್ಲ.

ರಜೆಗೆ ಬಂದು ಇದನ್ನೆಲ್ಲ ಕಂಡು ಹೋದ ಹನೀಫ್ ಕಾಲೇಜಿನ ಗ್ರಂಥಾಲಯದ ಕಟಕಟೆಯ ಮುಂದೆ ಹೋಗಿ ನಿಂತ. ಅಲ್ಲಿ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಒಳಗಿನಿಂದ ತಂದುಕೊಡುತ್ತಿದ್ದರು. ಅವನಿಗೆ ಯಾವ ಹೆಸರೂ ಗೊತ್ತಿರಲಿಲ್ಲ. ಚೀಟಿಯಲ್ಲಿ ಬರೀ ‘ಹೆದರಿಕೆ’ ಎಂದು ಬರೆದ.

ಗ್ರಂಥಪಾಲ ಶಾಂತಾರಾಮರಾಯರು ಚೀಟಿ ಓದಿ ಕನ್ನಡಕ ತೆಗೆದರು. “ಇದು ಪರೀಕ್ಷೆಗೋ, ನಿಮಗೋ?”

“ನಮ್ಮ ಅಣ್ಣಗೆ, ಸರ್.”

ಅವರು ಹೆಚ್ಚು ಕೇಳಲಿಲ್ಲ. ಮನಶ್ಶಾಸ್ತ್ರದ ಪ್ರವೇಶಕ್ಕೆಂದು ಬರೆದ ಎರಡು ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ತಂದಿಟ್ಟು, ಕೊನೆಯ ಹಾಳೆಗಳ ಪದಸೂಚಿ ತೆರೆದು ತೋರಿಸಿದರು. “ಮೊದಲಿಂದ ಓದಕೋತ ಕುಂದ್ರಬ್ಯಾಡ್ರಿ. ಇಲ್ಲೆ ಶಬ್ದ ಹುಡುಕಿ, ಪುಟಕ್ಕ ಹೋಗ್ರಿ. ಭಯ ಒಂದ ನೋಡಿದ್ರ ಸಾಲೂದಿಲ್ಲ. ರೂಢಿ, ನೆನಪು, ಅವನ್ನೂ ನೋಡ್ರಿ.”

ಹನೀಫ್ ಆ ಚಳಿಗಾಲವೆಲ್ಲ ಗ್ರಂಥಾಲಯದ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕಳೆದ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಒಂದೊಂದು ಸಾಲನ್ನೂ ಮುರಿದು ಮುರಿದು ಓದಿದ. ಮನುಷ್ಯನ ಮನಸ್ಸನ್ನು ಹೀಗೆ ವಿಭಾಗ ಮಾಡಿ ಇಡಬಹುದು ಎಂದು ಅವನಿಗೆ ಗೊತ್ತಿರಲಿಲ್ಲ. ಒಂದು ಕಡೆ ಮೊಲ ಕಂಡರೆ ಹೆದರುವ ಮಗುವೊಂದರ ಸಂಗತಿ ಇತ್ತು. ಮಗುವಿಗೆ ಇಷ್ಟದ ತಿನಿಸು ಕೊಡುತ್ತ, ಮೊಲವನ್ನು ದಿನಕ್ಕಿಷ್ಟು ಹತ್ತಿರ ತಂದು, ಕೊನೆಗೆ ಅದು ಮೊಲದ ಮೈ ಸವರುವಂತೆ ಮಾಡಿದ್ದರಂತೆ. ಅದನ್ನು ಓದಿದ ದಿನ ಅವನಿಗೆ ಊಟ ಸೇರಲಿಲ್ಲ. ಊರಿಗೆ ಓಡುವ ಆತುರ.

ಬೇಸಿಗೆ ರಜೆಯಲ್ಲಿ ಅವನು ಅಣ್ಣನಿಗೆ ಎಲ್ಲವನ್ನೂ ಹೇಳಿದ. ರಸೂಲ್ ಬಹಳ ದಿನದ ಮೇಲೆ ನಕ್ಕ.

“ನಾನು ಆ ಮೊಲದ ಹುಡುಗನಾ ಈಗ?”

“ಒಂದ್ಸಲ ನೋಡುವಾ ಭಾಯಿ. ಆಗದಿದ್ರೆ ಬಿಡುವಾ.”

ಮೊದಲು ಜಗಲಿಯ ಬಾಗಿಲಲ್ಲಿ ಕೂತು ಚಹ ಕುಡಿದರು. ಆಮೇಲೆ ಅಂಗಳದಲ್ಲಿ, ಚಪ್ಪರದ ಕಂಬದ ಬಳಿಯಲ್ಲಿ. ರಹಿಮತ್ಬಿ ರವೆಯ ಹಲ್ವಾ ಮಾಡಿ ತಂದು ಕೊಡುತ್ತ ಅಪ್ಪನ ಕಾಲದ ಎತ್ತುಗಳ ಕತೆ ಹೇಳುತ್ತಿದ್ದಳು. ರಸೂಲ್ ಒಂದು ದಿನ ಗಾಡಿಯ ಮೂತಿಯ ಮೇಲೆ ಕೈಯಿಟ್ಟ. ಮೇ ಮುಗಿಯುವ ಹೊತ್ತಿಗೆ ಚಾಲಕನ ಸೀಟಿಗೆ ಏರಿದ. ಸೀಟು ಹರಿದು ತಂತಿ ಮೇಲೆದ್ದಿತ್ತೆಂದು ಹನೀಫ್ ಹಿಂದಿನ ಹಲಗೆಯಡಿ ಸಿಕ್ಕ ಹಳೆಯ ಕಂಬಳಿಯೊಂದನ್ನು ಮಡಚಿ ಹಾಸಿಕೊಟ್ಟಿದ್ದ. ಹನೀಫ್ ಗಾಡಿಯ ಮುಂದೆ ನಿಂತು ಹಿಡಿಕೆ ತಿರುವಿದಾಗ ಇಂಜಿನು ಕೆಮ್ಮಿ ಹೊತ್ತಿಕೊಂಡಿತು. ರಸೂಲ್ ಇಳಿದು ಓಡಲಿಲ್ಲ. ಹಲ್ವಾ ಬಾಯಲ್ಲಿಟ್ಟುಕೊಂಡು, ಇದರ ದನಿ ಕೆಟ್ಟಿದೆ, ಎಣ್ಣೆ ನೋಡಬೇಕು ಎಂದು ನಗುತ್ತ ಕೂಗಿದ. ರಹಿಮತ್ಬಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆಗ ಬೇಲಿಯ ಬಳಿ ಹೆಂಗಸೊಬ್ಬಳು ನಿಂತಿರುವುದನ್ನು ಹನೀಫ್ ಕಂಡ. ಹುಚ್ಚನ ಹೆಂಡತಿ ನಾಗಿ. ಇಡಗುಂದಿಯಿಂದ ನಡೆದೇ ಬಂದಿದ್ದಳು. ರಸೂಲನೂ ಅವಳನ್ನು ಕಂಡು ಇಂಜಿನು ನಿಲ್ಲಿಸಿದ.

“ಎಂತ ನಾಗಿ, ಒಳಗೆ ಬಾ,” ಎಂದಳು ರಹಿಮತ್ಬಿ.

“ಇಲ್ಲೇ ಸಾಕು ಅಮ್ಮಾ. ಅವರ ಕಂಬಳಿ ಗಾಡೀಲೇ ಉಳ್ದಿತ್ತು. ಮಳೆ ಹಿಡಿಯೂ ಮೊದ್ಲೇ ತಕಂಡು ಹೋಗುವಾ ಅಂತ ಬಂದೆ. ಮಗಳಿಗೆ ಹೊದಿಯೂಕೆ ಬೇಕು.”

ನಾಗಿಯ ಕಣ್ಣು ಸೀಟಿನ ಬದಿಯಲ್ಲಿ ಇಣುಕುತ್ತಿದ್ದ ಕಂಬಳಿಯ ಕೆಂಪು ಅಂಚಿನ ಮೇಲೆ ನಿಂತಿತು. “ಅದೇ ಅದು,” ಎಂದಳು.

ರಸೂಲ್ ಕೆಳಗಿಳಿದ. ಕಂಬಳಿ ಎಳೆದು, ಕೊಡವಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಅವನ ಮುಖ ಬೂದಿಯಂತಾಗಿತ್ತು.

“ಗಾಡಿ ಹೊರಡೂದಾದ್ರೆ ಒಳ್ಳೇದೇ ಸಾಬ್ರೆ. ನಿಮ್ಗೂ ಹೊಟ್ಟೆ ಅದೆಯಲ್ಲ,” ಎಂದಳು ನಾಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಹನೀಫನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ರಹಿಮತ್ಬಿ ಕೊಟ್ಟ ಅಕ್ಕಿಯನ್ನು ಅದೇ ಕಂಬಳಿಯಲ್ಲಿ ಕಟ್ಟಿಕೊಂಡು ಅವಳು ಹೋದಳು.

ಮರುದಿನ ರಸೂಲ್ ಮತ್ತೆ ಹಿತ್ತಲಿನಿಂದಲೇ ಹೊರಟ. ಹನೀಫ್ ಬೇಲಿಯವರೆಗೆ ಓಡಿ ತಡೆದ.

“ಭಾಯಿ, ಹೀಗೆ ಹಿಂದೆ ಬೀಳೂದು ಇರ್ತದಂತೆ. ಪುಸ್ತಕದಲ್ಲೇ ಬರೆದಾರೆ. ಮತ್ತೆ ಮೊದಲಿಂದ ಮಾಡುವಾ.”

“ಹೆದರಿಕೆ ಹೋಯ್ತು ಹನೀಫ್. ನೀ ಓದಿದ್ದು ಸುಳ್ಳಲ್ಲ.” ರಸೂಲ್ ತಮ್ಮನ ಭುಜ ಹಿಡಿದ. “ಅವ ಸತ್ತ ಗಾಡೀಲಿ ಕೂತು ನಾ ಹಲ್ವಾ ತಿಂತಾ ನಗ್ತಿದ್ದೆ. ಆ ಹೆದರಿಕೆ ಹೋಗಬಾರದಿತ್ತು.”

ಹನೀಫ್ ಬದಿಗೆ ಸರಿದು ದಾರಿ ಬಿಟ್ಟ.

ಮಳೆಗಾಲದ ಹೊತ್ತಿಗೆ ಲಾರಿ ಶಿರಸಿಯ ವ್ಯಾಪಾರಿಯೊಬ್ಬನ ಪಾಲಾಯಿತು. ರಸೂಲ್ ಬೇರೆಯವರ ಎತ್ತಿನ ಬಂಡಿ ಹೊಡೆಯತೊಡಗಿದ. ಮದುವೆಗೆ ಒಪ್ಪಲಿಲ್ಲ. ಮಾತು ಕಡಿಮೆಯಾಗುತ್ತ ಹೋಗಿ, ಕೊನೆಕೊನೆಗೆ ತಾಯಿ ಕೇಳಿದ್ದಕ್ಕೂ ತಲೆಯಾಡಿಸುವುದಷ್ಟೇ ಉಳಿಯಿತು. ಹನೀಫ್ ಹೇಗೋ ಪದವಿ ಮುಗಿಸಿ ಶಿರಸಿಯ ಶಾಲೆಯೊಂದರಲ್ಲಿ ಮಾಸ್ತರನಾದ.

ಒಂದು ಸಂಜೆ ಯಲ್ಲಾಪುರದಿಂದ ಶಿರಸಿಗೆ ಬಸ್ಸಿನಲ್ಲಿ ಮರಳುತ್ತಿದ್ದಾಗ ಎಕ್ಕಂಬಿಯ ಆಚೆ ಬಂಡಿಯೊಂದು ದಾರಿ ಬಿಟ್ಟು ನಿಂತದ್ದು ಕಾಣಿಸಿತು. ಎತ್ತುಗಳ ಮುಂದೆ ರಸೂಲ್ ರಸ್ತೆಗೆ ಬೆನ್ನು ಹಾಕಿ ನಿಂತಿದ್ದ. ಬಸ್ಸು ದಾಟುವವರೆಗೂ ಅವನು ತಿರುಗಲಿಲ್ಲ. ಹನೀಫ್ ಮುಂದಿನ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಇಳಿದು, ಹಿಂದಕ್ಕೆ ನಡೆದು ಬಂದ. ರಸೂಲ್ ಅವನನ್ನು ನೋಡಿ ಹಗ್ಗವನ್ನು ಇನ್ನೊಂದು ಕೈಗೆ ಬದಲಿಸಿ, ಪಕ್ಕದಲ್ಲಿ ಜಾಗ ಬಿಟ್ಟ. ಕತ್ತಲಾಗುವವರೆಗೆ ಇಬ್ಬರೂ ಎತ್ತುಗಳ ಮುಂದೆ ನಡೆದರು.