ಆಳಂದದಾಗ ಕುಂತ ಹೆಸರು

ಬೀಜದ ಕಂಪನಿಯ ಆಳಂದ ಶಾಖೆಯಿಂದ ಜೇವರ್ಗಿಗೆ ವರ್ಗವಾಗಿ ಬಂದ ಗುರುಶಾಂತಮ್ಮ ಮುಂಜಾನೆಯಿಂದ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕುಂತಿದ್ದಳು. ಹೆಸರು ನೋಡಿ ಒಳಗೆ ಬಿಡುವ ಕಲಬುರಗಿಯ ಸರ್ವರ್ ಒಂದೇ ರಾಗ ಎಳೆಯುತ್ತಿತ್ತು: 'ನೀವು ಈಗಾಗಲೇ ಆಳಂದದಲ್ಲಿ ಒಳಗಿದ್ದೀರಿ.'

ಒಬ್ಬರ ಹೆಸರಿಗೆ ಒಂದೇ ಕಡೆ ಪ್ರವೇಶ. ಎಲ್ಲರಿಗೂ ಅನುಕೂಲವಾಗಲೆಂದು ಆಳಂದ ಶಾಖೆಯ ಕ್ಯಾಲೆಂಡರಿನ ಮೇಲೆ ತನ್ನ ಪಾಸ್‌ವರ್ಡ್ ಬರೆದಿಟ್ಟವಳು ಅವಳೇ. ಬದಲಿಸೋಣವೆಂದರೆ ಮೊದಲು ಒಳಗೆ ಹೋಗಬೇಕು! ಸಿಟ್ಟು ನೆತ್ತಿಗೇರಿ ಆಳಂದದ ಗುಮಾಸ್ತ ವಿಕ್ರಮನಿಗೆ ಫೋನ್ ಹಚ್ಚಿದಳು.

"ಲೇ ವಿಕ್ರಮ, ನನ್ನ ಹೆಸರು ಬಿಟ್ಟು ಹೊರಗ ಬಾ!"

"ಎರಡ ಮಿನಿಟ್ ತಡೀರಿ ಅಕ್ಕಾರ. ನಿಮ್ಮ ಪಾಸ್‌ವರ್ಡ್ ಹಳೇದಾತಂತ. ಈಗಷ್ಟ ಹೊಸಾದು ಇಟ್ಟೇನಿ."

"ಏನಿಟ್ಟಿ? ಹೇಳು."

ವಿಕ್ರಮ ಕಂಪ್ಯೂಟರಿನ ಪರದೆಯತ್ತ ನೋಡಿದ. "ಯಾರಿಗೂ ಹೇಳಬ್ಯಾಡಂತ ಇಲ್ಲೇ ಬರದೈತ್ರಿ, ಅಕ್ಕಾರ."