ಮೋತಿಬಿಯ ಫೋಟೋ

ಲಕ್ಷ್ಮೇಶ್ವರದ ಬಜಾರಿನಲ್ಲಿ ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದ ಇಸಾಕಸಾಬನ ಹೆಂಡತಿ ಮೋತಿಬಿ ಒಂದು ದಿನವೂ ಗಂಡನ ಕ್ಯಾಮೆರಾದ ಮುಂದೆ ಕೂತವಳಲ್ಲ. ಗದಗ ಬೇರೆ ಜಿಲ್ಲೆಯಾದ ವರ್ಷ ಕಾಗದಪತ್ರಗಳಿಗೆ ಫೋಟೋ ಬೇಕೆಂದು ಅರ್ಧ ಊರೇ ಅವನ ಅಂಗಡಿಯ ಮುಂದೆ ಪಾಳಿ ಹಚ್ಚಿತ್ತು. ಮೋತಿಬಿ ಮಾತ್ರ ಆ ಕಡೆ ಹಾಯಲಿಲ್ಲ. ಅವಳದೆಂದು ಇದ್ದದ್ದು ಮತದಾರರ ಚೀಟಿಯ ಮೇಲಿನ ಒಂದು ಮಸಕು ಮುಖ, ಅದೂ ಸರಕಾರದ ಮಂದಿ ತೆಗೆದದ್ದು.

ಮಗಳು ಮಹೆಕಳ ಪಾಡೂ ಅದೇ. ಮಂದಿಯ ಮಕ್ಕಳನ್ನು ಸ್ಟೂಲಿನ ಮೇಲೆ ಕೂಡಿಸಿ, ಗಿಲಕಿ ಆಡಿಸಿ ನಗಿಸುತ್ತಿದ್ದ ಅಪ್ಪ ತನ್ನ ಮಗಳನ್ನು ಆ ಸ್ಟೂಲಿನ ಹತ್ತಿರವೂ ಬಿಡುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಅರ್ಜಿಗೆ ಫೋಟೋ ಬೇಕಾದಾಗ ಅವಳನ್ನು ಬಸ್‌ಸ್ಟ್ಯಾಂಡಿನ ಹತ್ತಿರದ ಬೇರೊಂದು ಸ್ಟುಡಿಯೋಕ್ಕೆ ಕಳಿಸಿದ.

"ಯಾಕಬ್ಬಾ, ನೀವ ತಗೀರಲ್ಲ" ಎಂದು ಅವಳು ಕೇಳಿದ್ದಳು.

"ನನಗ ಕೆಲಸ ಭಾಳ ಐತಿ. ಹೋಗಿ ಬಾ" ಎಂದಿದ್ದ.

ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಬೇರೆ ಸ್ಟುಡಿಯೋದವನು ಹೆಸರು ಕೇಳಿ, "ಇಸಾಕಸಾಬರ ಮಗಳು ನಮ್ಮಲ್ಲಿಗೆ ಬಂದಿಯಾ?" ಎಂದು ನಕ್ಕ. ಅಪ್ಪನಿಗೆ ತನ್ನ ಮುಖ ಕಂಡರೆ ಆಗುವುದಿಲ್ಲ ಎಂದು ಮಹೆಕ ಅಂದಿನಿಂದ ಬಹಳ ವರ್ಷ ನಂಬಿಕೊಂಡಿದ್ದಳು. ತನಗಿಂತ ಮೊದಲು ಒಬ್ಬ ಅಣ್ಣ ಹುಟ್ಟಿ ಸತ್ತಿದ್ದನೆಂದು ಮಾತ್ರ ಅವಳಿಗೆ ಗೊತ್ತಿತ್ತು. ಅವನ ವಿಷಯ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಇಸಾಕಸಾಬ ತೀರಿಕೊಂಡಾಗ ಮಹೆಕಳಿಗೆ ಮೂವತ್ತೊಂದು ವರ್ಷ. ಶಿರಹಟ್ಟಿಯ ಉರ್ದು ಶಾಲೆಯಲ್ಲಿ ಟೀಚರಾಗಿದ್ದು, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಮದುವೆಯ ಮಾತು ಎರಡು ಸಲ ಬಂದು ನಿಂತುಹೋಗಿತ್ತು. ಅಪ್ಪ ಹೋದ ಬೆನ್ನಿಗೇ ಮೋತಿಬಿಗೆ ಮರೆವು ಹತ್ತಿತು. ಮೊದಲು ಒಲೆಯ ಮೇಲಿಟ್ಟ ಹಾಲನ್ನು ಮರೆತಳು, ಆಮೇಲೆ ಮನೆಗೆ ಬರುವ ಓಣಿಯನ್ನು, ಆಮೇಲೆ ಗಂಡ ಸತ್ತದ್ದನ್ನು. ಮಗಳನ್ನು ಕೆಲವು ದಿನ ಹೆಸರು ಹಿಡಿದು ಕರೆದರೆ ಕೆಲವು ದಿನ "ಅಕ್ಕಾರ" ಎಂದು ಪರಕೀಯರನ್ನು ಮಾತಾಡಿಸಿದಂತೆ ಮಾತಾಡಿಸುತ್ತಿದ್ದಳು. ಶಾಲೆಯ ಹೊತ್ತಿನಲ್ಲಿ ಬಾಜೂ ಮನೆಯ ಫಕ್ಕೀರವ್ವ ಬಂದು ಅವಳ ಹತ್ತಿರ ಕೂಡುತ್ತಿದ್ದಳು.

ಸ್ಟುಡಿಯೋ ಖಾಲಿ ಮಾಡುವಾಗ ಕಪಾಟಿನ ಮೇಲಿನ ಖಾನೆಯಲ್ಲಿ ಅಪ್ಪನ ಹಳೆಯ ಪೆಂಟಾಕ್ಸ್ ಕ್ಯಾಮೆರಾ ಸಿಕ್ಕಿತು. ಮೃದುವಾದ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದ. ರೀಲಿನ ಕಾಲ ಮುಗಿದು ಎಷ್ಟೋ ವರ್ಷವಾದ ಮೇಲೂ ಅದನ್ನು ಒರೆಸುತ್ತಿದ್ದನೆಂದು ಕಾಣುತ್ತದೆ, ಮಸೂರದ ಮೇಲೆ ಒಂದು ಧೂಳಿನ ಕಣವಿರಲಿಲ್ಲ. ಮಹೆಕ ಅದನ್ನು ಹಳೆಯ ಸಾಮಾನಿನ ಜೊತೆ ಕೊಡಲಾರದೆ ಮನೆಗೆ ತಂದಳು. ಒಂದು ತಿಂಗಳ ನಂತರ, ಯಾಕೆಂದು ತನಗೇ ತಿಳಿಯದೆ, ಅದನ್ನು ಚೀಲದಲ್ಲಿ ಹಾಕಿಕೊಂಡು ಬೆಟಗೇರಿಗೆ ಹೋದಳು.

ಬೆಟಗೇರಿಯ ಪ್ರಭುಲಿಂಗಪ್ಪನವರು ನೇಕಾರರ ಮನೆತನದವರು. ಮಗ್ಗ ಬಿಟ್ಟು ಫೋಟೋದ ಹುಚ್ಚು ಹಿಡಿಸಿಕೊಂಡು, ಇಸಾಕಸಾಬನ ಜೊತೆಯಲ್ಲೇ ಗದಗಿನ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತವರು. ಎಪ್ಪತ್ತು ದಾಟಿದ್ದರೂ ಹಿತ್ತಲ ಕೋಣೆಯಲ್ಲಿ ರೀಲು ತೊಳೆಯುವ ಡಬ್ಬಿ, ಪ್ರಿಂಟು ಹಾಕುವ ಯಂತ್ರ ಎಲ್ಲವನ್ನೂ ಇಟ್ಟುಕೊಂಡಿದ್ದರು. ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ತಿರುವಿ ತಿರುವಿ ನೋಡಿದರು.

"ಮೀಟರ್ ಸತ್ತೈತಿ" ಎಂದರು. "ಇರಲಿ ಬಿಡು. ನಿಮ್ಮ ಅಬ್ಬಾ ಅದನ್ನ ಎಂದೂ ನೋಡತಿದ್ದಿಲ್ಲ. ನೆಲದ ಮ್ಯಾಲಿನ ನೆಳ್ಳು ನೋಡಿ ಬೆಳಕು ಎಷ್ಟೈತಿ ಅಂತ ಹೇಳತಿದ್ದ."

"ನನಗ ಕಲಿಸತೀರೇನ್ರಿ ಕಾಕಾ?"

"ಯಾಕ ಕಲಿಸೂದಿಲ್ಲ? ಕುಂದ್ರು."

ಬೆಂಗಳೂರಿನ ಒಂದು ಅಂಗಡಿಯಿಂದ ಕಪ್ಪುಬಿಳುಪಿನ ರೀಲುಗಳು ಅಂಚೆಯಲ್ಲಿ ಬಂದವು. ಮೊದಲ ರೀಲನ್ನು ಮಹೆಕ ಹತ್ತಿರದ ಮಾಗಡಿ ಕೆರೆಯ ಹಕ್ಕಿಗಳ ಮೇಲೆ ಖರ್ಚು ಮಾಡಿದಳು. ಮೂವತ್ತಾರು ಫೋಟೋಗಳಲ್ಲಿ ನೆಟ್ಟಗೆ ಬಂದದ್ದು ಎರಡೇ. ಅವೂ ದಂಡೆಯ ಮೇಲೆ ಎಮ್ಮೆ ತೊಳೆಯುತ್ತಿದ್ದವನವು. ಎರಡನೆಯ ರೀಲಿಗೆ ಕೈ ಸ್ವಲ್ಪ ಹದಕ್ಕೆ ಬಂತು. ಲಕ್ಕುಂಡಿಯ ಬಾವಿಯ ಮೆಟ್ಟಿಲ ಮೇಲೆ ನೆರಳು ಸರಿದು ಬರಲೆಂದು ಮುಕ್ಕಾಲು ಗಂಟೆ ಕಾದು ಕೂತಳು. ಅಷ್ಟು ಹೊತ್ತು ಮನೆಯ ಚಿಂತೆ ಬರಲಿಲ್ಲ. ಬಸ್ಸಿನಲ್ಲಿ ವಾಪಸಾಗುವಾಗ, ಅಪ್ಪನೂ ಹೀಗೆಯೇ ಎಲ್ಲಾದರೂ ಕೂತಿರುತ್ತಿದ್ದನೋ ಏನೋ ಎಂದು ಅನ್ನಿಸಿತು. ಅಪ್ಪನ ಬಗ್ಗೆ ಸಿಟ್ಟಿಲ್ಲದೆ ಯೋಚಿಸಿದ್ದು ಅವಳಿಗೆ ಅದೇ ಮೊದಲು.

ಜನವರಿಯ ಒಂದು ಭಾನುವಾರ ಮುಂಜಾನೆ ಮೋತಿಬಿ ಅಂಗಳದಲ್ಲಿ ಎಳೆ ಬಿಸಿಲಿಗೆ ಮೈಯೊಡ್ಡಿ ಕೂತಿದ್ದಳು. ನೆರೆತ ಕೂದಲಿಗೆ ಫಕ್ಕೀರವ್ವ ಎಣ್ಣೆ ಹಚ್ಚಿ ಹೋಗಿದ್ದಳು. ಆ ಬೆಳಕು ನೋಡಿ ಮಹೆಕ ಸುಮ್ಮನೆ ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದಳು. ತಾಯಿ ಮುಖ ತಿರುವುತ್ತಾಳೆಂದೇ ಅವಳೆಣಿಕೆ. ಮೋತಿಬಿ ತಿರುವಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಟ್ಟಗೆ ಕೂತಳು.

"ಮುಂಡರಗಿಯಿಂದ ಯಾವಾಗ ಬಂದ್ರಿ?" ಎಂದಳು.

ಮಹೆಕ ಕ್ಯಾಮೆರಾ ಇಳಿಸಿದಳು. ಮೋತಿಬಿ ಅವಳ ಮುಖವನ್ನು ನೋಡಿ, "ಅಕ್ಕಾರ, ಚಾ ಆಗೇತೇನ್ರಿ?" ಎಂದು ಕೇಳಿದಳು. ಮತ್ತೆ ಎತ್ತಿ ಹಿಡಿದರೆ ಮೋತಿಬಿಯ ದನಿ ಬೇರೆಯೇ ಆಯಿತು, ಎಳೆಯ ಹೆಂಗಸಿನ ದನಿ. "ದಾರ್ಯಾಗ ಉಂಡ್ರೊ ಇಲ್ಲೊ? ನೀವು ಉಪವಾಸ ಬರವರ ಖರೆ."

ಕಪ್ಪು ಕ್ಯಾಮೆರಾದ ಹಿಂದೆ ಮುಖ ಮುಚ್ಚಿಕೊಂಡು ನಿಂತಿರುವುದು ತಾಯಿಯ ಕಣ್ಣಿಗೆ ಇಸಾಕಸಾಬ. ಅದು ಅರ್ಥವಾದಾಗ ಮಹೆಕಳ ಬೆರಳು ತಾನಾಗಿ ಗುಂಡಿ ಒತ್ತಿತ್ತು.

ಮುಂದಿನ ವಾರ ಬೆಟಗೇರಿಗೆ ಹೋದಾಗ ಅವಳು ಪ್ರಭುಲಿಂಗಪ್ಪನವರನ್ನು ಕೇಳಿಯೇಬಿಟ್ಟಳು, ಮುಂಡರಗಿಯಲ್ಲಿ ಏನಾಗಿತ್ತೆಂದು. ಅವರು ರೀಲು ತೊಳೆಯುವ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಮಿಷಕ್ಕೊಮ್ಮೆ ಬೋರಲು ಮಾಡುತ್ತಿದ್ದರು.

"ನಿಮ್ಮಣ್ಣ ಯೂಸುಫ ಎರಡ ವರ್ಷದಂವ ಇದ್ದ" ಎಂದರು. "ಹಬ್ಬಕ್ಕ ಹೊಸ ಅಂಗಿ ಹೊಲಿಸಿದ್ರು. ಅದನ್ನ ಹಾಕಿಸಿ ಫೋಟೋ ತಗೀತೀನಿ ಅಂತ ನಿಮ್ಮ ಅಬ್ಬಾ ದಿನಾ ಹೇಳತಿದ್ದ. ಇವತ್ತ ನಾಳೆ ಅಂತ ಹೋತು. ಹಬ್ಬ ಇನ್ನ ಎಂಟ ದಿನ ಇತ್ತು, ಮುಂಡರಗ್ಯಾಗ ಒಂದ ಮದುವಿ ಫೋಟೋದ ಕೆಲಸ ಹಿಡದಿದ್ದ. ಅವತ್ತ ಹುಡುಗಗ ಜ್ವರ. ನಿಮ್ಮ ಅಮ್ಮ ಹೋಗಬ್ಯಾಡ್ರಿ ಅಂದ್ಲು. ಮಾತು ಕೊಟ್ಟೀನಿ, ಸಂಜಿಗೆ ಬರತೀನಿ ಅಂತ ಹ್ವಾದ. ಬಸ್ಸು ತಪ್ಪಿತು. ಮರುದಿನ ಮಧ್ಯಾಹ್ನ ಬರೂದ್ರಾಗ ದಫನ ಮಾಡಿ ಬಂದಿದ್ರು."

"ಅವನ ಫೋಟೋ?"

"ಒಂದೂ ಇಲ್ಲ. ಊರ ಮಂದಿ ಮಕ್ಕಳದೆಲ್ಲಾ ತಗದ್ರಿ, ನನ್ನ ಕೂಸಿಂದು ಒಂದೂ ಇಲ್ಲ, ಇನ್ನ ಮುಂದ ಈ ಮನ್ಯಾಗ ಯಾರದೂ ತಗೀಬ್ಯಾಡ್ರಿ ಅಂತ ನಿಮ್ಮ ಅಮ್ಮ ಅಂದ್ಲಂತ. ತಗಿಯೂದಿಲ್ಲ ಅಂತ ಆಣಿ ಮಾಡಿದ. ಆಮ್ಯಾಲ ಪರ ಊರಿನ ಮದುವಿಗೆ ಹೋಗಲಿಲ್ಲಂವ. ಇಲ್ಲೇ ಬಂದು ನೀ ಕುಂತಲ್ಲೇ ಕುಂತು ಅತ್ತಿದ್ದ."

ಎಸ್ಸೆಸ್ಸೆಲ್ಸಿಯ ಆ ದಿನ ಖಾಲಿ ಅಂಗಡಿಯಲ್ಲಿ ತನಗೆ ಬೆನ್ನು ಕೊಟ್ಟು ನಿಂತು ಏನನ್ನೋ ಹುಡುಕುವವನಂತೆ ಮಾಡಿದ್ದ ಅಪ್ಪನ ಬೆನ್ನು ಮಹೆಕಳ ಕಣ್ಣ ಮುಂದೆ ಬಂತು. ಹದಿನಾರು ವರ್ಷ ಅವನ ಮೇಲೆ ಹೊತ್ತುಕೊಂಡಿದ್ದ ಮುನಿಸನ್ನು ಈಗ ಯಾರ ಮುಂದೆ ಇಳಿಸಬೇಕು?

ಆಮೇಲೆ ಪ್ರತಿ ಭಾನುವಾರ ಅವಳು ಅಂಗಳದಲ್ಲಿ ಕ್ಯಾಮೆರಾ ಹಿಡಿದು ನಿಲ್ಲತೊಡಗಿದಳು. ಎಷ್ಟೋ ಸಲ ಅದರಲ್ಲಿ ರೀಲು ಇರುತ್ತಿರಲಿಲ್ಲ. ಮೋತಿಬಿ ಗಂಡನ ಜೊತೆ ಮಾತಾಡುತ್ತಿದ್ದಳು, ಬೇಳೆ ಮುಗಿದದ್ದು, ಮಾಳಿಗೆ ಸೋರುವುದು, ಯೂಸುಫ ಇವತ್ತು ನಾಲ್ಕು ಹೆಜ್ಜೆ ಇಟ್ಟದ್ದು. ಮಹೆಕಳ ಹೆಸರು ಆ ಮಾತುಗಳಲ್ಲಿ ಒಮ್ಮೆಯೂ ಬರಲಿಲ್ಲ. ಅವಳಿನ್ನೂ ಹುಟ್ಟಿರಲಿಲ್ಲ.

ಫೆಬ್ರವರಿಯಲ್ಲಿ ಒಂದು ದಿನ ಮೋತಿಬಿ ಒಳಗಿನಿಂದ ಮಡಚಿದ ಕಂಬಳಿಯನ್ನು ಎದೆಗವಚಿಕೊಂಡು ತಾನಾಗಿ ಹೊರಗೆ ಬಂದಳು. ಕೂತು, ಕಂಬಳಿಯ ಒಂದು ತುದಿಯನ್ನು ಮೆಲ್ಲಗೆ ಸರಿಸಿದಳು.

"ಈಗ ತಗೀರಿ" ಎಂದಳು. "ಮಕ್ಕೊಂಡಾನ. ಎದ್ದರ ನಿಲ್ಲೂದಿಲ್ಲ."

ರೀಲು ಇತ್ತು. ಮಹೆಕ ತೆಗೆದಳು. ರೀಲು ತಿರುವಿ ಮತ್ತೊಂದು ತೆಗೆದಳು.

ಮೋತಿಬಿ ಕಂಬಳಿಯನ್ನು ತಟ್ಟುತ್ತ, "ನಿಮ್ಮ ಮ್ಯಾಲಿನ ಸಿಟ್ಟು ಯಾವಾಗೋ ಹೋಗೇತ್ರಿ" ಎಂದಳು. "ಹೇಳಬೇಕಂತ ಇದ್ದೆ. ಬಾಯಿ ಬರಲಿಲ್ಲ. ನೀವೂ ಕೇಳಲಿಲ್ಲ."

ಅಪ್ಪ ಕೊನೆಯ ಆರು ತಿಂಗಳು ಹಾಸಿಗೆ ಹಿಡಿದು ಮಲಗಿದ್ದಾಗ ತಾಯಿಯೇ ಗಂಜಿ ಕುಡಿಸುತ್ತಿದ್ದಳು, ಮೈ ಒರೆಸುತ್ತಿದ್ದಳು. ಆ ಆರು ತಿಂಗಳಲ್ಲಿ ಯಾವತ್ತಾದರೂ ಹೇಳಬಹುದಿತ್ತು. ಮಹೆಕ ಕ್ಯಾಮೆರಾವನ್ನು ಮುಖದಿಂದ ಸರಿಸಲಿಲ್ಲ. ದನಿ ಆದಷ್ಟು ತಗ್ಗಿಸಿ, "ತಪ್ಪಾತು ನಂದು" ಎಂದಳು. "ಅವತ್ತ ನಾ ಹೋಗಬಾರದಿತ್ತು."

"ಆತು ಬಿಡ್ರಿ. ಈಗ ಬಂದೀರಲ್ಲ" ಎಂದಳು ಮೋತಿಬಿ.

ಎಲ್ಲವನ್ನೂ ಮರೆಯುತ್ತಿದ್ದ ಮೋತಿಬಿ ಆ ಫೋಟೋವನ್ನು ಮರೆಯಲಿಲ್ಲ. ಮರುದಿನದಿಂದಲೇ ಕೇಳತೊಡಗಿದಳು. ಮಹೆಕ ಸಿಗದಿದ್ದರೆ ಫಕ್ಕೀರವ್ವನನ್ನು ಕೇಳುತ್ತಿದ್ದಳು. "ಫೋಟೋ ಬಂತೇನು? ನನ್ನ ಕೂಸಿನ ಫೋಟೋ?" ಊಟ ಮಾಡಲೊಲ್ಲಳು, ಬಾಗಿಲು ಬಿಟ್ಟು ಏಳಲೊಲ್ಲಳು. ಹತ್ತು ದಿನ ಹೀಗೇ ನಡೆಯಿತು.

ಪ್ರಭುಲಿಂಗಪ್ಪನವರು ಪ್ರಿಂಟು ಹಾಕಿದರು. ಔಷಧಿಯ ತಟ್ಟೆಯಲ್ಲಿ ಕಾಗದದ ಮೇಲೆ ಮೋತಿಬಿಯ ಮುಖ ಮೂಡಿತು, ಬಗ್ಗಿದ ಕತ್ತು, ತುಟಿಯ ಮೇಲೆ ನಗೆಯಂಥದ್ದೇನೋ. ಮಹೆಕ ತಾಯಿಯನ್ನು ಅಷ್ಟು ಚೆಲುವೆಯಾಗಿ ಎಂದೂ ಕಂಡಿರಲಿಲ್ಲ. ಕೆಳಗೆ ಎರಡು ಕೈಗಳ ನಡುವೆ ಕಂಬಳಿ.

"ಇದನ್ನ ಆಕಿಗೆ ತೋರಸಬ್ಯಾಡ ಯವ್ವಾ" ಎಂದರು ಅವರು. "ಕಳೀತು ಅಂತ ಹೇಳು. ಕೆಟ್ಟಿತು ಅನ್ನು."

"ದಿನಾ ಕೇಳತಾಳ್ರಿ ಕಾಕಾ. ಆಕಿ ಕಣ್ಣಿಗೆ ಕೂಸು ಕಂಡರೂ ಕಾಣಬಹುದು."

"ಆಕಿ ಕಣ್ಣಿಗೆ ಕಂಡದ್ದು ಬ್ಯಾರೆ. ಕಾಗದ ಇದ್ದದ್ದನ್ನ ತೋರಸತೈತಿ."

ಮಹೆಕ ಅವರ ಮಾತು ಕೇಳಲಿಲ್ಲ. ಮನೆಗೆ ಬಂದಾಗ ಮೋತಿಬಿ ಹೊಸ್ತಿಲಲ್ಲೇ ಕೂತಿದ್ದಳು. ಕೈ ಚಾಚಿದ ರೀತಿ ನೋಡಿ ಇಲ್ಲ ಎನ್ನಲಾಗಲಿಲ್ಲ. ಮೋತಿಬಿ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಬಗ್ಗಿ ನೋಡಿದಳು. ಮುದುಕಿಯ ಮುಖದ ಮೇಲೆ ಬೆರಳಿಟ್ಟು, "ಇವರ‍್ಯಾರು?" ಎಂದಳು. ಆಮೇಲೆ ಬೆರಳು ಕೆಳಗೆ ಜಾರಿತು. ಕಂಬಳಿಯ ಮೇಲೆ ಅತ್ತಿತ್ತ ತಡವಿತು.

"ಕೂಸೆಲ್ಲಿ?"

ಮಹೆಕ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು.

"ಕೂಸೆಲ್ಲಿ ಅಕ್ಕಾರ? ಇಲ್ಲೇ ಇತ್ತಲ್ಲ?" ಮೋತಿಬಿ ಎದ್ದಳು. ಒಳಗೆ ಹೋಗಿ ಮಂಚದ ಕೆಳಗೆ, ನೀರಿನ ಕೋಣೆಯಲ್ಲಿ, ಅಕ್ಕಿಯ ಡಬ್ಬಿಯ ಹಿಂದೆ ಹುಡುಕಿದಳು. ಕಂಬಳಿ ಸಿಕ್ಕಿತು, ಕೊಡವಿದಳು. ಹಾಗೆ ಕೊಡವುತ್ತಿರುವಾಗ ಅವಳಿಗೆ ಏನೋ ನೆನಪಾಯಿತು. ಅಲ್ಲೇ ನೆಲಕ್ಕೆ ಕುಸಿದು, ಮೂವತ್ತಾರು ವರ್ಷದ ಹಿಂದೆ ಅತ್ತಂತೆಯೇ ಅತ್ತಳೋ ಏನೋ, ಎದೆ ಬಡಿದುಕೊಂಡು ಅತ್ತಳು. ಫಕ್ಕೀರವ್ವ ಓಡಿ ಬಂದಳು. ಇಬ್ಬರೂ ಹಿಡಿದರೂ ಅವಳ ಕೈ ನಿಲ್ಲಲಿಲ್ಲ. ತನ್ನ ಮಗ ಸತ್ತ ಸುದ್ದಿಯನ್ನು ಅವಳಿಗೆ ಎರಡನೆಯ ಸಲ ತಂದು ಕೊಟ್ಟವಳು ತಾನು ಎಂದು ಮಹೆಕಳಿಗೆ ತಿಳಿದಿತ್ತು. ತಾಯಿಯ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, "ನನ್ನದ ತಪ್ಪು ಅಮ್ಮಾ, ನನ್ನದ" ಎನ್ನುತ್ತಲೇ ಇದ್ದಳು. ಈ ಸಲ ಅದು ಅಪ್ಪನ ಮಾತಾಗಿರಲಿಲ್ಲ. ಯಾರ ಮಾತಾದರೂ ಮೋತಿಬಿಗೆ ಮುಟ್ಟುತ್ತಿರಲಿಲ್ಲ.

ಮೂರು ದಿನಕ್ಕೆ ಅಳು ನಿಂತಿತು. ಅದರ ಜೊತೆಗೆ ಮಾತೂ ನಿಂತಿತು. ಒಂದು ಭಾನುವಾರ ಮಹೆಕ ಆಸೆಯಿಂದ ಕ್ಯಾಮೆರಾ ಎತ್ತಿ ಹಿಡಿದಳು. ಮೋತಿಬಿ ಅದನ್ನು ಅಂಗಳದ ಕೊಡ, ಬಕೀಟು ನೋಡಿದ ಹಾಗೆ ನೋಡಿ ಕಣ್ಣು ಸರಿಸಿದಳು. ಅದರ ಹಿಂದೆ ಇನ್ನು ಯಾರೂ ಇರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಒಂದು ಮಂಗಳವಾರ ಮುಂಜಾನೆ ಮಹೆಕ ಚಹಾ ತೆಗೆದುಕೊಂಡು ಹೋದಾಗ ಮೋತಿಬಿಯ ಮೈ ತಣ್ಣಗಾಗಿತ್ತು. ಪ್ರಭುಲಿಂಗಪ್ಪನವರು ಬೆಟಗೇರಿಯಿಂದ ಬಸ್ಸು ಹಿಡಿದು ಬಂದು, ಎಲ್ಲ ಮುಗಿಯುವ ತನಕ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ನಿಂತಿದ್ದರು.

"ನೀವು ಬ್ಯಾಡ ಅಂದಿದ್ರಿ" ಎಂದಳು ಮಹೆಕ.

"ಅಂದಿದ್ದೆ. ನಿನ್ನ ಜಾಗಾದಾಗ ಇದ್ದರ ನಾನೂ ತೋರಸತಿದ್ನೋ ಏನೋ" ಎಂದರು ಅವರು, ಅವಳ ಮುಖ ನೋಡದೆ.

ರಜೆ ಮುಗಿದು ಶಾಲೆ ಶುರುವಾದ ಮೊದಲ ದಿನ ಮಹೆಕ ಎಂದಿನ ಬಸ್ಸು ಹತ್ತಿದಳು. ಯಳವತ್ತಿಯಲ್ಲಿ ಅಂಗನವಾಡಿ ನಡೆಸುವ, ಹಿಂದೆ ಇವರ ಓಣಿಯಲ್ಲಿದ್ದ ಸುಗ್ರಾಬಿ ಪಕ್ಕದಲ್ಲಿ ಬಂದು ಕೂತಳು. ಬಹಳ ದಿನದ ಮೇಲೆ ಸಿಕ್ಕ ಖುಷಿಯಲ್ಲಿ ತನ್ನ ಮನೆಯ ಸುದ್ದಿಯನ್ನೆಲ್ಲ ಹೇಳಿದಳು. ಆಮೇಲೆ ಕೇಳಿದಳು.

"ಅಮ್ಮ ಹೆಂಗದಾಳ ಮಹೆಕಾ?"

ಬಸ್ಸು ಊರು ದಾಟಿ ಹೊಲಗಳ ನಡುವೆ ಬಂದಿತ್ತು. ಅಮ್ಮ ಸತ್ತ ಸುದ್ದಿ ಹೇಳಬೇಕೆಂದು ಮಹೆಕ ಬಾಯಿ ತೆರೆದಳು.

"ಆರಾಮ ಅದಾಳ್ರಿ" ಎಂದಳು. ಕಿಟಕಿಯ ಕಡೆ ತಿರುಗಿ ಕೂತವಳು ಶಿರಹಟ್ಟಿ ಬರುವವರೆಗೂ ಮುಖ ಈ ಕಡೆ ಮಾಡಲಿಲ್ಲ.